ಕಾಗದ ಇಲ್ಲದವರಿಗೂ ವಿಚಾರಣೆ ಯಾಕೆ? ಅಮೆರಿಕದ ಗಡೀಪಾರು ಮತ್ತು ಅಲ್ಲಿನ ಸಂವಿಧಾನ

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು ಅಮೃತಸರದಲ್ಲಿ ಇಳಿಯಿತು. ಒಳಗೆ 104 ಜನ ಭಾರತೀಯರು. ಹರಿಯಾಣ ಮತ್ತು ಗುಜರಾತಿನ ತಲಾ 33 ಜನ, ಪಂಜಾಬಿನ 30 ಜನ, ಉಳಿದವರು ಮಹಾರಾಷ್ಟ್ರ, ಉತ್ತರ ಪ್ರದೇಶ, ಚಂಡೀಗಢದವರು. ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ಕರೆತಂದಿದ್ದರು. ಸಂಸತ್ತಿನಲ್ಲಿ ಗದ್ದಲವಾಯಿತು. ವಿದೇಶಾಂಗ ಸಚಿವ ಜೈಶಂಕರ್ ಅವರು ಇದು ಹೊಸದೇನಲ್ಲ, 2012ರಿಂದಲೂ ಅಮೆರಿಕ ಇದೇ ಕ್ರಮ ಪಾಲಿಸುತ್ತಿದೆ ಎಂದು ರಾಜ್ಯಸಭೆಯಲ್ಲಿ ಹೇಳಿದರು.

ನಮ್ಮಲ್ಲಿ ಚರ್ಚೆಯೆಲ್ಲ ಆ ಕೋಳದ ಸುತ್ತಲೇ ನಡೆಯಿತು. ಅದು ತಪ್ಪೇನಲ್ಲ. ಆದರೆ ಅದಕ್ಕಿಂತ ಮುಂಚಿನ ಪ್ರಶ್ನೆಯೊಂದು ಹಾಗೇ ಉಳಿಯಿತು. ವಿಮಾನ ಹತ್ತಿಸುವ ಮೊದಲು ಅವರನ್ನು ಯಾರಾದರೂ ಏನಾದರೂ ಕೇಳಬೇಕಿತ್ತಾ? ಕಳ್ಳದಾರಿಯಲ್ಲಿ ಹೋದವರು ತಾನೇ, ಅವರಿಗೆ ಎಂಥಾ ಹಕ್ಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲೂ ಹಾಗೆ ಅಂದುಕೊಳ್ಳುವವರು ಕಮ್ಮಿ ಇಲ್ಲ. ಇನ್ನೊಂದು ಕಡೆಯವರು, ಸಂವಿಧಾನ ಇದೆ, ಕೋರ್ಟ್ ಇದೆ, ಯಾರನ್ನೂ ಅಷ್ಟು ಸುಲಭವಾಗಿ ಕಳಿಸಲು ಆಗುವುದಿಲ್ಲ ಎನ್ನುತ್ತಾರೆ. ಎರಡೂ ಅರ್ಧ ನಿಜ.

ಮೊದಲು ಸಂವಿಧಾನದ ಮಾತು. 1791ರಲ್ಲಿ ಸೇರಿದ ಐದನೇ ತಿದ್ದುಪಡಿ, ಕಾನೂನಿನ ಸರಿಯಾದ ಕ್ರಮ ಪಾಲಿಸದೆ ಯಾವ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುತ್ತದೆ. ಇದನ್ನೇ ಡ್ಯೂ ಪ್ರೋಸೆಸ್ ಎನ್ನುವುದು. ಇದು ಕೇಂದ್ರ ಸರ್ಕಾರಕ್ಕೆ ಹಾಕಿದ ಕಡಿವಾಣ. 1868ರ ಹದಿನಾಲ್ಕನೇ ತಿದ್ದುಪಡಿ ಅದೇ ಕಡಿವಾಣವನ್ನು ರಾಜ್ಯಗಳಿಗೂ ಹಾಕಿತು. ಎರಡೂ ಕಡೆ ಬರೆದಿರುವುದು ವ್ಯಕ್ತಿ ಅಂತ, ಪ್ರಜೆ ಅಂತಲ್ಲ. ಮತದಾನದಂಥ ಹಕ್ಕುಗಳ ಮಾತು ಬಂದಾಗ ಅದೇ ಸಂವಿಧಾನ ಪ್ರಜೆ ಎಂದೇ ಬರೆಯುತ್ತದೆ.

ಇದನ್ನು ಮೊದಲು ಗಟ್ಟಿ ಮಾಡಿದವರು ಚೀನಾದಿಂದ ಹೋದ ಬಡ ಕೆಲಸಗಾರರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಡಲು ಪರವಾನಗಿ ಬೇಕು ಎಂದು ನಿಯಮ ಮಾಡಿದ್ದರು. ಚೀನೀಯರಿಗೆ ಪರವಾನಗಿ ಸಿಗಲಿಲ್ಲ, ಬೇರೆಯವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿತು. 1886ರಲ್ಲಿ ಯಿಕ್ ವೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ನೆಲದ ಮೇಲಿರುವ ಯಾವ ವ್ಯಕ್ತಿಗೂ ಈ ರಕ್ಷಣೆ ಇದೆ ಎಂದಿತು. ಹತ್ತು ವರ್ಷದ ನಂತರ ಇನ್ನೊಂದು ಪ್ರಕರಣ. ಅಕ್ರಮವಾಗಿ ಇದ್ದಾರೆಂದು ಹಿಡಿದ ಚೀನೀಯರನ್ನು, ಗಡೀಪಾರಿಗೆ ಮೊದಲು 60 ದಿನ ಡೆಟ್ರಾಯಿಟ್‌ನ ಜೈಲಿನಲ್ಲಿ ಕಠಿಣ ದುಡಿಮೆಗೆ ಹಾಕಬೇಕೆಂದು ಅಧಿಕಾರಿ ಆದೇಶ ಮಾಡಿದ್ದ. ನ್ಯಾಯಾಲಯದ ವಿಚಾರಣೆಯೂ ಇಲ್ಲ, ಜ್ಯೂರಿಯೂ ಇಲ್ಲ. ಕಳಿಸುವುದಿದ್ದರೆ ಕಳಿಸಿ, ಆದರೆ ವಿಚಾರಣೆ ಇಲ್ಲದೆ ಶಿಕ್ಷೆ ಕೊಡುವಂತಿಲ್ಲ ಎಂದು 1896ರಲ್ಲಿ ಕೋರ್ಟ್ ತಡೆಯಿತು. 1976ರ ಹೊತ್ತಿಗೆ ಕೋರ್ಟ್ ಇದನ್ನು ಇನ್ನೂ ನೇರವಾಗಿ ಹೇಳಿತು: ಅಕ್ರಮವಾಗಿ ಇರುವವರಿಗೂ, ಸ್ವಲ್ಪ ಕಾಲಕ್ಕೆಂದು ಬಂದವರಿಗೂ ಐದನೇ ತಿದ್ದುಪಡಿಯ ರಕ್ಷಣೆ ಇದೆ. ಉದಾರವಾದಿಗಳೆಂದು ಯಾರೂ ಕರೆಯದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಕೂಡ 1993ರ ತೀರ್ಪೊಂದರಲ್ಲಿ, ಗಡೀಪಾರು ಪ್ರಕರಣಗಳಲ್ಲಿ ವಿದೇಶೀಯರಿಗೆ ಡ್ಯೂ ಪ್ರೋಸೆಸ್ ಇದೆ ಎನ್ನುವುದು ಇತ್ಯರ್ಥವಾದ ವಿಷಯ ಎಂದು ಬರೆದರು.

ಅಲ್ಲಿಗೆ ಹಕ್ಕು ಇದೆ ಎಂದಾಯಿತು. ಹಕ್ಕು ಎಷ್ಟು ಅನ್ನುವುದೇ ತಕರಾರು.

ಶಿಕ್ಷೆ ಅಲ್ಲ ಎಂಬ ಒಂದು ಮಾತು

1892ರಲ್ಲಿ ಅಮೆರಿಕದ ಸಂಸತ್ತು ಗಿಯರಿ ಕಾಯ್ದೆ ತಂದಿತು. ಚೀನೀ ಕೂಲಿಕಾರರು ತಾವು ಇಲ್ಲಿ ಇರಲು ಅರ್ಹರು ಎಂಬ ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಗಡೀಪಾರು. ಸರ್ಟಿಫಿಕೇಟ್ ಮಾಡಿಸಿಕೊಳ್ಳಲು ಆಗಲಿಲ್ಲ ಎಂದರೆ, ತಾನು ಮುಂಚಿನಿಂದ ಇಲ್ಲೇ ಇದ್ದವನು ಎಂದು ನಂಬಲರ್ಹ ಬಿಳಿಯ ಸಾಕ್ಷಿಯೊಬ್ಬನಿಂದ ಹೇಳಿಸಬೇಕು. ಬಿಳಿಯ ಎನ್ನುವುದು ಕಾಯ್ದೆಯಲ್ಲೇ ಇದ್ದ ಮಾತು. ಮೂವರು ಚೀನೀಯರು ಕೋರ್ಟಿಗೆ ಹೋದರು. ಅವರಲ್ಲಿ ಒಬ್ಬನನ್ನು ಬಲ್ಲವರೆಲ್ಲ ಚೀನೀಯರೇ, ಆ ಸಾಕ್ಷಿ ನಡೆಯಲಿಲ್ಲ. 1893ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ಯಾರು ದೇಶದಲ್ಲಿರಬೇಕು ಎಂದು ನಿರ್ಧರಿಸುವುದು ಸಾರ್ವಭೌಮ ದೇಶದ ಅಧಿಕಾರ, ಗಡೀಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ ಎಂದಿತು.

ಇವತ್ತಿನ ಇಡೀ ವ್ಯವಸ್ಥೆ ನಿಂತಿರುವುದು ಈ ಮಾತಿನ ಮೇಲೆ. ಶಿಕ್ಷೆಯಲ್ಲ ಅಂದಮೇಲೆ ಇದು ಸಿವಿಲ್ ವ್ಯವಹಾರ. ಸಿವಿಲ್ ಅಂದಮೇಲೆ ಜ್ಯೂರಿ ಇಲ್ಲ. ಕಾಸಿಲ್ಲದವನಿಗೆ ಸರ್ಕಾರ ವಕೀಲರನ್ನು ಕೊಡಬೇಕಿಲ್ಲ. 1963ರಿಂದ ಅಲ್ಲಿ ಜೈಲುಶಿಕ್ಷೆ ಎದುರಿಸುವ ಬಡ ಆರೋಪಿಗೆ ಸರ್ಕಾರಿ ಖರ್ಚಿನ ವಕೀಲರು ಸಿಗುತ್ತಾರೆ. ಗಡೀಪಾರು ಎದುರಿಸುವವನಿಗೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಇದೆ, ಆದರೆ ಸರ್ಕಾರಕ್ಕೆ ಖರ್ಚಾಗಬಾರದು ಎಂದು ಕಾಯ್ದೆಯಲ್ಲೇ ಬರೆದಿದೆ. ಪೊಲೀಸರು ಅಕ್ರಮವಾಗಿ ಶೋಧಿಸಿ ಪಡೆದ ಸಾಕ್ಷ್ಯವನ್ನು ಕ್ರಿಮಿನಲ್ ಕೇಸಿನಲ್ಲಿ ಸಾಮಾನ್ಯವಾಗಿ ಬದಿಗಿಡುತ್ತಾರೆ. ಗಡೀಪಾರು ಕೇಸಿನಲ್ಲಿ ಆ ನಿಯಮ ಅನ್ವಯಿಸುವುದಿಲ್ಲ ಎಂದು 1984ರಲ್ಲಿ ತೀರ್ಪಾಯಿತು.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಗಡಿ ತಪ್ಪಿಸಿ ಒಳನುಗ್ಗುವುದು ಅಮೆರಿಕದಲ್ಲಿ ಅಪರಾಧ, ಮೊದಲ ಸಲವಾದರೆ ಆರು ತಿಂಗಳವರೆಗೆ ಜೈಲು. ಸರಿಯಾದ ವೀಸಾದಲ್ಲಿ ಹೋಗಿ, ಅವಧಿ ಮುಗಿದ ಮೇಲೂ ಉಳಿದುಬಿಟ್ಟರೆ ಅದು ಅಪರಾಧವಲ್ಲ. ಗಡೀಪಾರು ಮಾಡಬಹುದಾದ ಸಿವಿಲ್ ಉಲ್ಲಂಘನೆ ಅಷ್ಟೆ. ಡಂಕಿ ಎಂದು ಕರೆಯುವ ಕಳ್ಳದಾರಿಯಲ್ಲಿ ಕಾಡು ದಾಟಿ ಹೋದವನನ್ನೂ ವೀಸಾ ಮುಗಿದ ಇಂಜಿನಿಯರನ್ನೂ ನಾವು ಬೇರೆ ಬೇರೆ ಥರ ನೋಡುತ್ತೇವೆ. ಮಾಮೂಲಿ ಕ್ರಮದಲ್ಲಾದರೆ ಕೊನೆಗೆ ಇಬ್ಬರೂ ನಿಲ್ಲಬೇಕಾದದ್ದು ಒಂದೇ ವಲಸೆ ಕೋರ್ಟಿನ ಮುಂದೆ.

ಸಿಯಾಟಲ್‌ನಲ್ಲಿ ಇಳಿದ ಹುಡುಗಿ

ಡ್ಯೂ ಪ್ರೋಸೆಸ್ ಎನ್ನುವುದು ಕಾಗದದ ಮೇಲೆ ಎಷ್ಟು ದೊಡ್ಡದು, ಕೈಗೆ ಸಿಕ್ಕಾಗ ಎಷ್ಟು ಚಿಕ್ಕದು ಅನ್ನುವುದಕ್ಕೆ 1903ರ ಯಮತಾಯ ಪ್ರಕರಣ ನೋಡಬೇಕು. ಕಾನೂನು ವಿದ್ಯಾರ್ಥಿಗಳು ಇದನ್ನು ಒಂದೇ ಸಾಲಿನಲ್ಲಿ ಓದಿ ಮುಂದೆ ಹೋಗುತ್ತಾರೆ. ನನಗೆ ಇದರಲ್ಲಿ ಇಡೀ ಕಥೆಯೇ ಇದೆ ಅನ್ನಿಸುತ್ತದೆ.

1901ರ ಜುಲೈನಲ್ಲಿ ಜಪಾನಿನ ಹದಿಹರೆಯದ ಹುಡುಗಿಯೊಬ್ಬಳು ಸಿಯಾಟಲ್ ಬಂದರಿನಲ್ಲಿ ಇಳಿದಳು. ಅಧಿಕಾರಿಗಳು ಒಳಗೂ ಬಿಟ್ಟರು. ಕೆಲವೇ ದಿನದಲ್ಲಿ ವಲಸೆ ಇನ್ಸ್‌ಪೆಕ್ಟರ್ ಒಬ್ಬ ವಿಚಾರಿಸಿ, ಇವಳು ನಿರ್ಗತಿಕಳು, ಮುಂದೆ ಸರ್ಕಾರಕ್ಕೆ ಹೊರೆಯಾಗುತ್ತಾಳೆ, ವಾಪಸ್ ಕಳಿಸಬೇಕು ಎಂದು ತೀರ್ಮಾನಿಸಿದ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ವಕೀಲರಿಲ್ಲ. ಕೇಳುತ್ತಿರುವುದು ತನ್ನ ಗಡೀಪಾರಿಗಾಗಿ ಎಂಬುದೇ ಗೊತ್ತಿರಲಿಲ್ಲ ಎಂದು ಅವಳ ಪರವಾಗಿ ವಾದಿಸಿದರು.

ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಒಂದು, ದೇಶದೊಳಗೆ ಬಂದವರನ್ನು, ಅವರ ಬರುವಿಕೆ ಕಾನೂನುಬಾಹಿರ ಎಂಬ ಆರೋಪ ಇದ್ದರೂ ಸಹ, ತಮ್ಮ ಮಾತು ಹೇಳಿಕೊಳ್ಳಲು ಅವಕಾಶವನ್ನೇ ಕೊಡದೆ ಯಾವ ಅಧಿಕಾರಿಯೂ ಮನಬಂದಂತೆ ಹಿಡಿದು ಕಳಿಸುವಂತಿಲ್ಲ. ಗಡೀಪಾರು ಕಾನೂನಿನಲ್ಲಿ ಡ್ಯೂ ಪ್ರೋಸೆಸ್ ಕಾಲಿಟ್ಟದ್ದು ಈ ಸಾಲಿನಿಂದ. ಎರಡು, ಈ ಹುಡುಗಿಗೆ ಅವಕಾಶ ಸಿಕ್ಕಿದೆ, ಇನ್ಸ್‌ಪೆಕ್ಟರ್ ಮಾತಾಡಿಸಿದ್ದಾನಲ್ಲ. ಇಂಗ್ಲಿಷ್ ಬಾರದ್ದು ಅವಳ ದುರದೃಷ್ಟ. ಅವಳು ಸೋತಳು. ಅವಳ ಹೆಸರಿನ ತೀರ್ಪು ಇವತ್ತಿಗೂ ವಲಸಿಗರ ವಕೀಲರ ಕೈಯಲ್ಲಿನ ಗಟ್ಟಿ ಆಯುಧ.

ಹಾಗಾಗಿ ಕೇಸಿನಿಂದ ಕೇಸಿಗೆ ವಾದ ನಡೆಯುವುದು ಒಂದೇ ವಿಷಯದ ಮೇಲೆ. ಕೇಳಿದ್ದೇವೆ ಎಂದು ಸರ್ಕಾರ ಹೇಳುತ್ತದೆ. ಅದು ನಿಜವಾಗಿ ಕೇಳಿದ್ದಾ, ಸುಮ್ನೆ ಶಾಸ್ತ್ರಕ್ಕೆ ಕೇಳಿದ್ದಾ?

ವಲಸೆ ಕೋರ್ಟಿನ ಒಳಗೆ

ವರ್ಷಗಟ್ಟಲೆ ಅಮೆರಿಕದಲ್ಲಿದ್ದ, ದಾಖಲೆ ಇಲ್ಲದ ಒಬ್ಬರನ್ನು ಹಿಡಿದರು ಅಂದುಕೊಳ್ಳಿ. ಮಾಮೂಲಿ ಕ್ರಮದಲ್ಲಿ ಮೊದಲು ಅವರ ಕೈಗೆ ಒಂದು ನೋಟಿಸ್ ಬರುತ್ತದೆ. ನೀವು ಅಮೆರಿಕದ ಪ್ರಜೆಯಲ್ಲ, ಇಂಥಾ ದಿನ ಇಂಥಾ ಕಡೆ ಒಳಗೆ ಬಂದಿರಿ, ಈ ಕಾನೂನಿನ ಪ್ರಕಾರ ನಿಮ್ಮನ್ನು ಹೊರಗೆ ಕಳಿಸಬಹುದು, ಇಂಥಾ ದಿನ ಕೋರ್ಟಿಗೆ ಬನ್ನಿ ಎಂದು ಅದರಲ್ಲಿರಬೇಕು. ಈ ನೋಟಿಸ್ ಬಗ್ಗೆಯೇ ಎಷ್ಟು ಜಗಳ ಅಂತೀರಿ! ಸರ್ಕಾರ ವರ್ಷಗಳ ಕಾಲ ದಿನಾಂಕದ ಜಾಗದಲ್ಲಿ "ಮುಂದೆ ತಿಳಿಸಲಾಗುವುದು" ಎಂದು ಬರೆದು ಕಳಿಸುತ್ತಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಆಮೇಲೆ ಬಂದ ಕೆಲವು ನೋಟಿಸುಗಳಲ್ಲಿ ದಿನಾಂಕ ಇತ್ತು, ಆದರೆ ಸೆಪ್ಟೆಂಬರ್ 31 ಅಂತ! 2021ರಲ್ಲಿ ಮತ್ತೆ ಇದೇ ಪ್ರಶ್ನೆ ಬಂದಾಗ ನ್ಯಾಯಮೂರ್ತಿ ನೀಲ್ ಗೋರ್ಸಚ್, ಜನ ಸರ್ಕಾರದ ಜೊತೆ ಅಚ್ಚುಕಟ್ಟಾಗಿ ವ್ಯವಹರಿಸಬೇಕೆಂದರೆ ಸರ್ಕಾರವೂ ಅವರ ಜೊತೆ ಹಾಗೇ ಇರಬೇಕು ಎಂಬರ್ಥದಲ್ಲಿ ಬರೆದರು. ಇವರನ್ನು ನೇಮಿಸಿದವರು ಟ್ರಂಪ್.

ಕೋರ್ಟಿಗೆ ಹೋದರೆ ಅಲ್ಲಿ ಕೂತಿರುವ ನ್ಯಾಯಾಧೀಶರು ನಾವು ಅಂದುಕೊಂಡಂಥ ನ್ಯಾಯಾಧೀಶರಲ್ಲ. ನ್ಯಾಯಾಂಗಕ್ಕೆ ಸೇರಿದವರಲ್ಲ. ಅವರು ಕಾನೂನು ಇಲಾಖೆಯ ನೌಕರರು, ಅವರ ಮೇಲಿನವರು ಆ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್. ಕೆಳಗೆ ಕೊಟ್ಟ ತೀರ್ಪನ್ನು ಅಟಾರ್ನಿ ಜನರಲ್ ತಾವೇ ತರಿಸಿಕೊಂಡು ಬದಲಿಸಬಹುದು. 2025ರಲ್ಲಿ ಹೊಸ ಸರ್ಕಾರ ಹತ್ತಾರು ವಲಸೆ ನ್ಯಾಯಾಧೀಶರನ್ನು ಕೆಲಸದಿಂದ ತೆಗೆಯಿತು. ಅವರ ಮುಂದೆ 30 ಲಕ್ಷಕ್ಕೂ ಜಾಸ್ತಿ ಕೇಸುಗಳು ಬಾಕಿ ಇದ್ದ ಹೊತ್ತಿನಲ್ಲಿ.

ವಿಚಾರಣೆಯಲ್ಲಿ ಮೊದಲ ಹೊಣೆ ಸರ್ಕಾರದ್ದು. ಈ ಮನುಷ್ಯ ವಿದೇಶೀಯ ಎಂದು ಅದು ತೋರಿಸಬೇಕು. ಅದು ಸಾಬೀತಾದ ಮೇಲೆ, ಗಡಿ ತಪ್ಪಿಸಿ ಬಂದ ಆರೋಪ ಇದ್ದರೆ, ಕಾನೂನುಬದ್ಧವಾಗಿ ಬಂದೆ ಎಂದು ತೋರಿಸುವ ಹೊಣೆ ಆ ವ್ಯಕ್ತಿಯ ಮೇಲೆ ಬೀಳುತ್ತದೆ. ಅದೂ ಆಗದಿದ್ದರೆ ಉಳಿದಿರುವ ದಾರಿಗಳೇ ಬೇರೆ. ಊರಿಗೆ ಹೋದರೆ ಜಾತಿ, ಧರ್ಮ, ರಾಜಕೀಯದ ಕಾರಣಕ್ಕೆ ಹಿಂಸೆ ಕೊಡುತ್ತಾರೆ ಎಂದರೆ ಆಶ್ರಯ ಕೇಳಬಹುದು. ಹತ್ತು ವರ್ಷಕ್ಕಿಂತ ಹೆಚ್ಚು ಇದ್ದು, ಒಳ್ಳೆಯ ನಡತೆ ಇದ್ದು, ತನ್ನನ್ನು ಕಳಿಸಿದರೆ ಅಮೆರಿಕದ ಪ್ರಜೆಯಾದ ಹೆಂಡತಿಗೋ ಮಗುವಿಗೋ ತಂದೆತಾಯಿಗೋ ತೀರಾ ಅಸಾಮಾನ್ಯ ಕಷ್ಟ ಆಗುತ್ತದೆ ಎಂದು ತೋರಿಸಿದರೆ ಗಡೀಪಾರು ರದ್ದು ಮಾಡಲು ಅವಕಾಶ ಇದೆ. ಆದರೆ ಈ ದಾರಿಯಲ್ಲಿ ವರ್ಷಕ್ಕೆ ಇಡೀ ದೇಶದಲ್ಲಿ 4,000 ಜನಕ್ಕಷ್ಟೇ ಜಾಗ. ಸೋತರೆ ಮೇಲ್ಮನವಿ ಮಂಡಳಿ, ಅದೂ ಆದಮೇಲೆ ನಿಜವಾದ ನ್ಯಾಯಾಂಗದ ಮೇಲ್ಮನವಿ ಕೋರ್ಟ್.

ಇಷ್ಟನ್ನೂ ವಕೀಲರಿಲ್ಲದೆ, ಬಾರದ ಭಾಷೆಯಲ್ಲಿ ಒಬ್ಬರೇ ಮಾಡಬೇಕು ಎಂದರೆ? ಕೋರ್ಟಿನಲ್ಲಿ ದುಭಾಷಿ ಇರುತ್ತಾರೆ, ನಿಜ. ಆದರೆ ಕೇಸು ಕಟ್ಟಿಕೊಡುವವರು ಯಾರು? ಮಕ್ಕಳ ವಿಷಯದಲ್ಲೂ ಇದೇ ನಿಯಮ. ಮಕ್ಕಳಿಗೆ ವಕೀಲರನ್ನು ಕೊಡಿ ಎಂದು ಹೂಡಿದ ದಾವೆಯಲ್ಲಿ ಸರ್ಕಾರದ ಪರ ಹೇಳಿಕೆ ಕೊಟ್ಟ ಹಿರಿಯ ವಲಸೆ ನ್ಯಾಯಾಧೀಶರೊಬ್ಬರು, ತಾನು ಮೂರು ನಾಲ್ಕು ವರ್ಷದ ಮಕ್ಕಳಿಗೂ ವಲಸೆ ಕಾನೂನು ಕಲಿಸಿದ್ದೇನೆ, ತುಂಬಾ ತಾಳ್ಮೆ ಬೇಕು, ಆದರೆ ಅವಕ್ಕೆ ಅರ್ಥವಾಗುತ್ತದೆ ಎಂದು ಪ್ರಮಾಣ ಮಾಡಿ ಹೇಳಿದರು. ಈ ಮಾತು 2016ರಲ್ಲಿ ಪತ್ರಿಕೆಗಳಲ್ಲಿ ಬಂದು ದೇಶವೇ ನಕ್ಕಿತು. ನಿಯಮ ಮಾತ್ರ ಬದಲಾಗಲಿಲ್ಲ.

ಹೊಸ್ತಿಲ ಆಚೆ, ಈಚೆ

ಇಷ್ಟೆಲ್ಲ ಹೇಳಿದ್ದು ಒಳಗೆ ಬಂದು ನೆಲೆಸಿದವರ ಮಾತು. ಬಾಗಿಲಲ್ಲೇ ನಿಂತವರ ಮಾತು ಬೇರೆ. ಮನೆಯೊಳಗೆ ಇರುವವರನ್ನು ಎಬ್ಬಿಸುವುದಕ್ಕೂ ಹೊಸ್ತಿಲಲ್ಲಿ ನಿಂತವರನ್ನು ಬರಬೇಡಿ ಎನ್ನುವುದಕ್ಕೂ ವ್ಯತ್ಯಾಸ ಇದೆ ಎಂದು ಅಮೆರಿಕದ ಕೋರ್ಟುಗಳು 1890ರ ದಶಕದಿಂದಲೂ ಹೇಳುತ್ತಾ ಬಂದಿವೆ. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಹೊಸ್ತಿಲು ಎಲ್ಲಿದೆ?

1953ರ ಮೆಜೈ ಪ್ರಕರಣ ಓದಿದರೆ ಈ ತರ್ಕ ಎಲ್ಲಿಯವರೆಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಆತ ಬಫಲೋ ನಗರದಲ್ಲಿ 25 ವರ್ಷ ಕಾನೂನುಬದ್ಧವಾಗಿ ಬಾಳಿದವನು. 1948ರಲ್ಲಿ ಸಾಯುತ್ತಿರುವ ತಾಯಿಯನ್ನು ನೋಡಲು ರೊಮೇನಿಯಾಗೆ ಹೊರಟ. ಅಲ್ಲಿ ಒಳಗೆ ಬಿಡಲಿಲ್ಲ, ಹಂಗೆರಿಯಲ್ಲಿ 19 ತಿಂಗಳು ಸಿಕ್ಕಿಹಾಕಿಕೊಂಡ. ವಾಪಸ್ ಬಂದರೆ ಅಮೆರಿಕವೂ ಬಿಡಲಿಲ್ಲ. ದೇಶದ ಭದ್ರತೆಯ ಕಾರಣ, ಏನೆಂದು ಹೇಳುವುದಿಲ್ಲ ಎಂದರು. ಬೇರೆ ದೇಶಗಳೂ ತೆಗೆದುಕೊಳ್ಳಲಿಲ್ಲ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಬಂಧನದಲ್ಲೇ ಉಳಿದ. ಅವನು ಕಾನೂನಿನ ದೃಷ್ಟಿಯಲ್ಲಿ ಇನ್ನೂ ಒಳಗೆ ಬಂದಿಲ್ಲ, ಆದ್ದರಿಂದ ವಿಚಾರಣೆಯ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದು ಮತದ ಅಂತರದಲ್ಲಿ ತೀರ್ಪು ಕೊಟ್ಟಿತು. ಅಮೆರಿಕದ ನೆಲದ ಮೇಲೇ ಇದ್ದಾನೆ, ಆದರೆ ಇಲ್ಲ.

1996ರ ಕಾಯ್ದೆಯೊಂದು ಈ ತರ್ಕಕ್ಕೆ ಯಂತ್ರದ ವೇಗ ಕೊಟ್ಟಿತು. ಅದರಲ್ಲಿ ತ್ವರಿತ ಗಡೀಪಾರು ಎಂಬ ವ್ಯವಸ್ಥೆ ಇದೆ. ಇದರಲ್ಲಿ ವಲಸೆ ಕೋರ್ಟೇ ಇಲ್ಲ, ಅಧಿಕಾರಿಯೇ ಆದೇಶ ಬರೆಯುತ್ತಾನೆ. ಊರಿಗೆ ಹೋಗಲು ಹೆದರಿಕೆ ಇದೆ ಎಂದರೆ ಇನ್ನೊಬ್ಬ ಅಧಿಕಾರಿ ಸಂದರ್ಶನ ಮಾಡುತ್ತಾನೆ, ಅವನು ನಂಬದಿದ್ದರೆ ವಲಸೆ ನ್ಯಾಯಾಧೀಶರು ಏಳು ದಿನದೊಳಗೆ ಒಮ್ಮೆ ನೋಡುತ್ತಾರೆ, ಮುಗಿಯಿತು. ಬಹಳ ಕಾಲ ಒಳನಾಡಿನಲ್ಲಿ ಇದನ್ನು ಬಳಸುತ್ತಿದ್ದದ್ದು ಭೂಗಡಿಯಿಂದ 100 ಮೈಲಿಯ ಒಳಗೆ, ಬಂದು 14 ದಿನದೊಳಗೆ ಸಿಕ್ಕವರ ಮೇಲೆ ಮಾತ್ರ. 2017ರಲ್ಲಿ ಶ್ರೀಲಂಕಾದ ತಮಿಳನೊಬ್ಬ ಮೆಕ್ಸಿಕೋ ಗಡಿ ದಾಟಿ ಬರೀ 25 ಗಜ ಒಳಗೆ ಸಿಕ್ಕಿಬಿದ್ದ. ತನ್ನನ್ನು ಊರಲ್ಲಿ ವ್ಯಾನಿನಲ್ಲಿ ಎತ್ತಿಕೊಂಡು ಹೋಗಿ ಹೊಡೆದಿದ್ದರು ಎಂದ. ಅಧಿಕಾರಿ ಅದು ಆಶ್ರಯಕ್ಕೆ ಸಾಕಾಗುವ ಕಾರಣವಲ್ಲ ಎಂದ. ಆತ ಕೋರ್ಟಿಗೆ ಹೋದ. 2020ರಲ್ಲಿ ಸುಪ್ರೀಂ ಕೋರ್ಟ್, 25 ಗಜ ಬಂದ ಮಾತ್ರಕ್ಕೆ ಒಳಗೆ ಬಂದಂತಲ್ಲ, ಇಂಥವರಿಗೆ ಸಂಸತ್ತು ಎಷ್ಟು ಕೊಟ್ಟಿದೆಯೋ ಅಷ್ಟೇ ಡ್ಯೂ ಪ್ರೋಸೆಸ್ ಎಂದಿತು.

ಅಮೃತಸರದಲ್ಲಿ ಇಳಿದವರಲ್ಲಿ ಹಲವರು ಕೆಲವೇ ದಿನಗಳ ಹಿಂದೆ ಗಡಿ ದಾಟಿದವರು. ಮಾತಾಡುವ ಮೊದಲೇ ವಿಮಾನದಲ್ಲಿದ್ದರು ಎನ್ನುವುದು ಯಾಕೆ ಸಾಧ್ಯವಾಯಿತು ಎಂದು ಈಗ ಗೊತ್ತಾಗುತ್ತದೆ ಅಲ್ವಾ? ಅವರು ಹೊಸ್ತಿಲಲ್ಲಿದ್ದರು.

2025ರ ಜನವರಿಯಿಂದ ಈ ಹೊಸ್ತಿಲನ್ನೇ ಒಳಕ್ಕೆ ತಳ್ಳುವ ಕೆಲಸ ನಡೆಯಿತು. ತ್ವರಿತ ಗಡೀಪಾರನ್ನು ಇಡೀ ದೇಶಕ್ಕೆ ಹಬ್ಬಿಸಿದರು. ಗಡಿ ತಪ್ಪಿಸಿ ಬಂದವರು ಎಲ್ಲೇ ಸಿಗಲಿ, ಎರಡು ವರ್ಷಕ್ಕಿಂತ ಜಾಸ್ತಿ ದಿನದಿಂದ ಇದ್ದೇನೆ ಎಂದು ಸ್ಥಳದಲ್ಲೇ ಸಾಬೀತು ಮಾಡದಿದ್ದರೆ ಕೋರ್ಟಿಲ್ಲದೆ ಕಳಿಸಬಹುದು ಎಂದಾಯಿತು. ಎರಡು ವರ್ಷದ ಬಾಡಿಗೆ ರಸೀದಿ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುವವರು ಯಾರು? ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಧೀಶರೊಬ್ಬರು (ಇವರು ನಿಜವಾದ ನ್ಯಾಯಾಂಗಕ್ಕೆ ಸೇರಿದವರು) ಈ ವಿಸ್ತರಣೆಗೆ ತಡೆ ಕೊಟ್ಟರು. ಮರು ತಿಂಗಳೇ ವಲಸೆ ಮೇಲ್ಮನವಿ ಮಂಡಳಿ ಇನ್ನೊಂದು ಕಡೆಯಿಂದ ಅದೇ ದಾರಿ ಹಿಡಿಯಿತು. ಗಡಿ ತಪ್ಪಿಸಿ ಬಂದವರು ಎಷ್ಟೇ ವರ್ಷ ಇದ್ದರೂ ಈಗಷ್ಟೇ ಬಾಗಿಲಿಗೆ ಬಂದವರಂತೆ, ಕೇಸು ಮುಗಿಯುವವರೆಗೆ ಜಾಮೀನು ಇಲ್ಲ ಎಂದಿತು. ಬಹುಪಾಲು ಜಿಲ್ಲಾ ನ್ಯಾಯಾಧೀಶರು ಇದನ್ನು ಒಪ್ಪಲಿಲ್ಲ, ಬಂಧನದಲ್ಲಿದ್ದವರ ಬಿಡುಗಡೆಯ ಅರ್ಜಿಗಳನ್ನು ಒಂದೊಂದಾಗಿ ವಿಚಾರಣೆಗೆ ತೆಗೆದುಕೊಳ್ಳತೊಡಗಿದರು.

ಒಂದು ಹಳೇ ಕಾಯ್ದೆ, ಒಬ್ಬ ಮಂಗಳೂರಿನವರು

ಮಾರ್ಚ್ 2025ರಲ್ಲಿ ಸರ್ಕಾರ ಎಲ್ಲಕ್ಕಿಂತ ಹಳೆಯ ಆಯುಧ ತೆಗೆಯಿತು, 1798ರ ಶತ್ರು ವಿದೇಶೀಯರ ಕಾಯ್ದೆ. ಯುದ್ಧ ನಡೆಯುವಾಗ, ಅಥವಾ ದೇಶದ ಮೇಲೆ ದಾಳಿಯಾದಾಗ, ಶತ್ರುದೇಶದ ಪ್ರಜೆಗಳನ್ನು ಹಿಡಿದು ಕಳಿಸಲು ಮಾಡಿದ್ದು. ಅದಕ್ಕೂ ಮೊದಲು ಬಳಸಿದ್ದು ಮೂರೇ ಸಲ, 1812ರ ಯುದ್ಧದಲ್ಲಿ ಮತ್ತು ಎರಡು ಮಹಾಯುದ್ಧಗಳಲ್ಲಿ. ಈಗ ವೆನೆಜುವೆಲಾದ ಒಂದು ರೌಡಿ ಗುಂಪು ದೇಶದ ಮೇಲೆ ದಾಳಿ ಮಾಡಿದೆ ಎಂದು ಘೋಷಿಸಿ, 130ಕ್ಕೂ ಹೆಚ್ಚು ಜನರನ್ನು ಈ ಕಾಯ್ದೆಯಡಿ ಎಲ್ ಸಾಲ್ವಡಾರ್‌ನ ಜೈಲಿಗೆ ಕಳಿಸಿಬಿಟ್ಟರು. ನಾನು ಆ ಗುಂಪಿನವನಲ್ಲ ಎಂದು ಹೇಳಲು ಅವರಿಗೆ ಎಲ್ಲೂ ಅವಕಾಶ ಸಿಗಲಿಲ್ಲ. ವಿಮಾನ ತಿರುಗಿಸಿ ಎಂದು ಜಿಲ್ಲಾ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಹೇಳಿದರೂ ತಿರುಗಲಿಲ್ಲ.

ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್ ಯಾವ ಕೋರ್ಟಿನಲ್ಲಿ, ಯಾವ ಬಗೆಯ ಅರ್ಜಿ ಹಾಕಬೇಕೆಂಬ ಬಗ್ಗೆ 5-4 ಆಗಿ ಒಡೆಯಿತು. ಆದರೆ ಒಂದು ವಿಷಯದಲ್ಲಿ ಒಂಬತ್ತು ಜನರೂ ಒಂದಾದರು. ಕಳಿಸುವ ಮೊದಲು ನೋಟಿಸ್ ಕೊಡಬೇಕು, ಕೋರ್ಟಿಗೆ ಹೋಗಲು ಸಾಕಾಗುವಷ್ಟು ಸಮಯ ಇರಬೇಕು. ಹತ್ತು ಹನ್ನೆರಡು ದಿನದಲ್ಲಿ ಟೆಕ್ಸಾಸಿನ ಬಂಧನ ಕೇಂದ್ರವೊಂದರಲ್ಲಿ ವೆನೆಜುವೆಲಾದವರ ಕೈಗೆ ಇಂಗ್ಲಿಷಿನಲ್ಲಿದ್ದ ನೋಟಿಸ್ ಬಂತು. ಹೇಗೆ ಪ್ರಶ್ನಿಸಬೇಕು ಎಂದು ಅದರಲ್ಲಿ ಇರಲಿಲ್ಲ. ವಕೀಲರು ಓಡಿದರು. ಏಪ್ರಿಲ್ 19ರ ನಸುಕಿನಲ್ಲಿ, ರಾತ್ರಿ ಒಂದರ ಹೊತ್ತಿಗೆ, ಸುಪ್ರೀಂ ಕೋರ್ಟ್ ಯಾರನ್ನೂ ಕಳಿಸಬೇಡಿ ಎಂದು ಆದೇಶ ಹೊರಡಿಸಿತು. ಮೇ 16ರಂದು, 24 ಗಂಟೆಯ ಇಂಥ ನೋಟಿಸ್ ಸಾಕಾಗುವುದಿಲ್ಲ ಎಂದು ಖಚಿತವಾಗಿ ಹೇಳಿತು. ಸಿಯಾಟಲ್‌ನ ಹುಡುಗಿಗೆ ಇಂಗ್ಲಿಷ್ ಬಾರದ್ದು ಅವಳ ದುರದೃಷ್ಟ ಎಂದಿದ್ದ ಕೋರ್ಟ್ 122 ವರ್ಷದಲ್ಲಿ ಇಷ್ಟು ದೂರ ಬಂದಿತ್ತು.

ಈ ಹಳೇ ಕಾಯ್ದೆಯ ಮೇಲಿನ ಮುಖ್ಯ ತೀರ್ಪು 1948ರದ್ದು, ಜರ್ಮನಿಯವನೊಬ್ಬನ ಪ್ರಕರಣ. ಅಧ್ಯಕ್ಷರ ತೀರ್ಮಾನದಲ್ಲಿ ಕೋರ್ಟುಗಳು ಹೆಚ್ಚು ಕೈಹಾಕಬಾರದು ಎಂದು ಅದನ್ನು ಬರೆದವರು ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್. ಅವರೇ ವಿಯೆನ್ನಾದಿಂದ ಬಾಲ್ಯದಲ್ಲಿ ವಲಸೆ ಬಂದವರು. ಇದರ ಹಿಂದಿನ ವರ್ಷ, 1947ರಲ್ಲಿ, ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋಗಿ ಇವರನ್ನು ಕಂಡಿದ್ದರು. ರಾವ್ ಮಂಗಳೂರಿನಲ್ಲಿ ಹುಟ್ಟಿದವರು. ಡ್ಯೂ ಪ್ರೋಸೆಸ್ ಎಂಬುದನ್ನು ನಿಮ್ಮ ಸಂವಿಧಾನಕ್ಕೆ ಹಾಕಬೇಡಿ, ಅದು ನ್ಯಾಯಾಧೀಶರ ಕೈಗೆ ವಿಪರೀತ ಅಧಿಕಾರ ಕೊಡುತ್ತದೆ ಎಂದು ಫ್ರಾಂಕ್‌ಫರ್ಟರ್ ಸಲಹೆ ಕೊಟ್ಟರು. ಕರಡಿನಿಂದ ಆ ಮಾತು ಹೋಗಿ, ಇಂದಿನ 21ನೇ ವಿಧಿಯಲ್ಲಿರುವ "ಕಾನೂನು ಸ್ಥಾಪಿಸಿದ ಕಾರ್ಯವಿಧಾನ" ಬಂತು. ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಲು 1978ರ ಮೇನಕಾ ಗಾಂಧಿ ತೀರ್ಪಿನವರೆಗೆ ಕಾಯಬೇಕಾಯಿತು. ಅಂದಹಾಗೆ 21ನೇ ವಿಧಿಯೂ ವ್ಯಕ್ತಿ ಎಂದೇ ಹೇಳುತ್ತದೆ. ಇಲ್ಲಿರುವ ವಿದೇಶೀಯರಿಗೂ ಅದು ಅನ್ವಯಿಸುತ್ತದೆ.

ಅಕ್ರಮ ಎಂದು ತೀರ್ಮಾನಿಸುವವರು ಯಾರು?

ಅಕ್ರಮವಾಗಿ ಬಂದವನಿಗೆ ವಿಚಾರಣೆ ಯಾಕೆ ಎಂದು ಕೇಳುವವರು, ಅವನು ಅಕ್ರಮವಾಗಿ ಬಂದವನು ಎಂಬುದು ಆಗಲೇ ಗೊತ್ತಾಗಿದೆ ಎಂದು ಇಟ್ಟುಕೊಂಡಿರುತ್ತಾರೆ. ಗೊತ್ತಾಗುವುದು ವಿಚಾರಣೆಯಿಂದಲೇ. ಅದಕ್ಕೂ ಮುಂಚೆ ಇರುವುದು ಅಧಿಕಾರಿಯೊಬ್ಬನ ಅನುಮಾನ, ಒಂದು ಕಂಪ್ಯೂಟರ್ ದಾಖಲೆ, ಕೆಲವೊಮ್ಮೆ ಬರೀ ಮೈಬಣ್ಣ.

ಉತ್ತರ ಕೆರೊಲಿನಾದಲ್ಲಿ ಹುಟ್ಟಿದ, ಮಾನಸಿಕ ಅಸ್ವಸ್ಥತೆ ಇದ್ದ ಒಬ್ಬ ಅಮೆರಿಕನ್ ಪ್ರಜೆಯನ್ನು 2008ರ ಡಿಸೆಂಬರಿನಲ್ಲಿ ಮೆಕ್ಸಿಕೋಗೆ ಗಡೀಪಾರು ಮಾಡಿದರು. ಅವನಿಗೆ ಸ್ಪ್ಯಾನಿಷ್ ಬಾರದು. ಮೆಕ್ಸಿಕೋದಲ್ಲಿ ನೆಂಟರೂ ಇಲ್ಲ, ಮೂಲವೂ ಇಲ್ಲ. ಮೆಕ್ಸಿಕೋದವರೂ ನಮ್ಮವನಲ್ಲ ಎಂದು ಹೊರಗೆ ಹಾಕಿದರು. ಹೊಂಡುರಾಸ್, ನಿಕರಾಗುವ, ಗ್ವಾಟೆಮಾಲಾ ಅಂತ ತಿಂಗಳುಗಟ್ಟಲೆ ಅಲೆದು, ಕೊನೆಗೆ ರಾಯಭಾರ ಕಚೇರಿಯವರೊಬ್ಬರು ಅವನ ಅಣ್ಣತಮ್ಮಂದಿರನ್ನು ಹುಡುಕಿದ್ದರಿಂದ ಮನೆ ಸೇರಿದ. ಅಧಿಕಾರಿಗಳ ಬಳಿ ಇದ್ದ ದಾಖಲೆಯಲ್ಲೇ ಅವನು ಅಮೆರಿಕದಲ್ಲಿ ಹುಟ್ಟಿದವನು ಎಂಬುದಿತ್ತು. 1922ರಲ್ಲೇ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್, ತಾನು ಪ್ರಜೆ ಎಂದು ಹೇಳಿಕೊಳ್ಳುವವನಿಗೆ ನ್ಯಾಯಾಲಯದ ವಿಚಾರಣೆ ಸಿಗಲೇಬೇಕು ಎಂದು ಬರೆದಿದ್ದರು. ಹೇಳಿಕೊಳ್ಳಲು ಆಗದವನಿಗೆ?

2025ರ ಮಾರ್ಚಿನ ವಿಮಾನದಲ್ಲಿ ಮೇರಿಲ್ಯಾಂಡಿನ ಒಬ್ಬನೂ ಇದ್ದ. ಇವನನ್ನು ಎಲ್ ಸಾಲ್ವಡಾರ್‌ಗೆ ಮಾತ್ರ ಕಳಿಸಬಾರದು ಎಂದು 2019ರಲ್ಲಿ ವಲಸೆ ನ್ಯಾಯಾಧೀಶರೇ ಆದೇಶ ಮಾಡಿದ್ದರು. ಕಳಿಸಿದ್ದು ಅಲ್ಲಿಗೇ. ಆಡಳಿತಾತ್ಮಕ ತಪ್ಪಾಯಿತು ಎಂದು ಸರ್ಕಾರ ಕೋರ್ಟಿನಲ್ಲಿ ಒಪ್ಪಿಕೊಂಡಿತು, ಆದರೆ ಈಗ ಅವನು ನಮ್ಮ ಕೈಯಲ್ಲಿಲ್ಲ ಎಂದಿತು. ಈ ವಾದವನ್ನು ಒಪ್ಪಿದರೆ ಯಾರನ್ನಾದರೂ, ಪ್ರಜೆಯನ್ನೂ ಸಹ, ಕೋರ್ಟಿಗಿಂತ ಮೊದಲು ಗಡಿ ದಾಟಿಸಿಬಿಟ್ಟರೆ ಸಾಕು ಎಂದಾಗುತ್ತದೆ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಪ್ರತ್ಯೇಕವಾಗಿ ಬರೆದರು. ವಾಪಸ್ ಕರೆತರಲು ಅನುವು ಮಾಡಿಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿ ಸುಮಾರು ಎರಡು ತಿಂಗಳಾದ ಮೇಲೆ ಆತ ಅಮೆರಿಕಕ್ಕೆ ಬಂದ, ಹೊಸ ಕ್ರಿಮಿನಲ್ ಆರೋಪ ಎದುರಿಸಲು.

ಇದೆಲ್ಲ ಡಂಕಿ ದಾರಿಯವರ ಪಾಡು, ಬೆಂಗಳೂರಿನಿಂದ ವೀಸಾ ಹಾಕಿಸಿಕೊಂಡು ಹೋದವರಿಗೆ ಏನು ಎನ್ನಬಹುದು. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳು ಓದಲು ಅಲ್ಲಿರಬಹುದು ಎಂದು ತೋರಿಸುವ ದಾಖಲೆಗಳನ್ನು ಸರ್ಕಾರದ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ರದ್ದು ಮಾಡಿದರು. ಅವರಲ್ಲಿ ಭಾರತೀಯರು ಬಹಳ. ಸುಮಾರು 13 ಲಕ್ಷ ಹೆಸರುಗಳನ್ನು ಅಪರಾಧ ದಾಖಲೆಗಳ ಜೊತೆ ಹೋಲಿಸಿದಾಗ ಸಿಕ್ಕ ಆರು ಸಾವಿರ ಚಿಲ್ಲರೆ ಹೆಸರುಗಳಿಂದ ಇದು ಶುರುವಾದದ್ದು ಎಂದು ಆಮೇಲೆ ಕೋರ್ಟಿನಲ್ಲಿ ಗೊತ್ತಾಯಿತು. ಶಿಕ್ಷೆಯೇ ಆಗದ, ಕೇಸೇ ಬಿದ್ದುಹೋದ ಟ್ರಾಫಿಕ್ ಪ್ರಕರಣಗಳೂ ಅದರಲ್ಲಿದ್ದವು. ಯಾರಿಗೂ ಮೊದಲು ನೋಟಿಸ್ ಇಲ್ಲ. ದೇಶದ ಉದ್ದಗಲಕ್ಕೂ ನ್ಯಾಯಾಧೀಶರು ತಡೆ ಕೊಡುತ್ತಾ ಹೋದಂತೆ, ಏಪ್ರಿಲ್ 25ರಂದು ಸರ್ಕಾರ ದಾಖಲೆಗಳನ್ನು ಮತ್ತೆ ಸರಿಮಾಡುತ್ತೇವೆ ಎಂದಿತು. ದಾವೆ ಹಾಕಲು ವಕೀಲರ ಫೀಸು ಹೊಂದಿಸಿದ ವಿದ್ಯಾರ್ಥಿಗಳಿಂದ ಉಳಿದವರಿಗೂ ಅನುಕೂಲವಾಯಿತು. ಅಷ್ಟರೊಳಗೆ ಹೆದರಿ ವಿಮಾನ ಹತ್ತಿ ಬಂದವರೂ ಇದ್ದರು.

ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರಿಗೆ ಕೆಲಸ ಹೋದರೆ ಇನ್ನೊಂದು ದಾರಿ ಹುಡುಕಲು ಗರಿಷ್ಠ 60 ದಿನ. ಅದು ದಾಟಿದರೆ ಅವರೂ ನಾನು ಮೇಲೆ ಹೇಳಿದ ನೋಟಿಸಿನ ಸಾಲಿಗೆ ಬರುತ್ತಾರೆ. ನೋಟಿಸ್ ಒಮ್ಮೆ ಕೋರ್ಟಿನಲ್ಲಿ ದಾಖಲಾದ ಮೇಲೆ, ಹೇಗೂ ಊರಿಗೆ ಹೋಗುತ್ತಿದ್ದೇನಲ್ಲ ಎಂದು ಸುಮ್ನೆ ವಿಮಾನ ಹತ್ತುವುದು ಅಪಾಯ. ಹಾಜರಾಗದಿದ್ದರೆ ನ್ಯಾಯಾಧೀಶರು ಗೈರುಹಾಜರಿಯಲ್ಲೇ ಗಡೀಪಾರು ಆದೇಶ ಬರೆಯಬಹುದು, ಆಮೇಲೆ ವರ್ಷಗಟ್ಟಲೆ ವೀಸಾ ಸಿಗುವುದಿಲ್ಲ. ನೋಟಿಸಿನ ಮೇಲೆ ಎ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಇರುತ್ತದೆ. ಅದನ್ನು ವಲಸೆ ಕೋರ್ಟಿನ ವೆಬ್‌ಸೈಟಿನಲ್ಲಿ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ, ಅದು ಬದಲಾಗುತ್ತಲೂ ಇರುತ್ತದೆ. ಮನೆ ಬದಲಿಸಿದರೆ ಐದು ದಿನದೊಳಗೆ ಕೋರ್ಟಿಗೆ ಹೊಸ ವಿಳಾಸ ಕೊಡಬೇಕು. ಕೊಡದಿದ್ದರೆ ಕಾಗದ ಹಳೇ ಮನೆಗೆ ಹೋಗುತ್ತದೆ, ಕಾನೂನಿನ ಲೆಕ್ಕದಲ್ಲಿ ನಿಮಗೆ ತಲುಪಿದಂತೆಯೇ.